ಮಣಿಸರದಡಿಯ ಹುಣ್ಣು

ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ನಾನು ಅಂಕೋಲೆಯ ಸಣ್ಣ ದವಾಖಾನೆಯೊಂದರಲ್ಲಿ ನರ್ಸಾಗಿದ್ದೆ. ಡಾಕ್ಟರು ಕಾರವಾರದಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ಆರು ದಿನ ಕೆಮ್ಮು, ಕಜ್ಜಿ, ಕಿವಿನೋವಿಗೆಲ್ಲ ನಾನೇ. ನನ್ನ ಜೊತೆಗೆ ನನ್ನ ಚಿಂತೆ. ಗಾಯ ತೊಳೆಯಲು ಬೋರಿಕ್ ಪುಡಿ ಕಟ್ಟಿಕೊಟ್ಟರೆ, ಎಲ್ಲಿ ತಿಂದುಬಿಟ್ಟರೋ ಎಂದು ಸಂಜೆಯವರೆಗೆ ಕೊರಗುವವಳು ನಾನು. ಆಗಲೇ ವಯಸ್ಸು ನಲವತ್ತು ದಾಟಿದ್ದರೂ ಆ ಚಾಳಿ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿ ಬೊಬ್ರುವಾಡದ ಒಕ್ಕಲು ಹೆಂಗಸೊಬ್ಬಳು ಬಂದಳು. ಕೊರಳ ತುಂಬ ಕರಿಮಣಿ ಸರಗಳು. ಅವುಗಳಡಿಯಲ್ಲಿ, ಹಿಂಗುತ್ತಿಗೆಯಲ್ಲಿ, ಬೆವರು ನಿಂತು ಹುಣ್ಣು. ಸರ ತೆಗೆದರೆ ಮಾತ್ರ ಔಷಧ ಎಂದು ಡಾಕ್ಟರು ಹೇಳಿದ್ದಕ್ಕೆ ಹಿಂದಿನ ವಾರ ಎದ್ದುಹೋಗಿದ್ದವಳು. ಈಗ ತಲೆ ಮೇಲೆ ಭತ್ತದ ಸಸಿಯ ಹೊರೆ ಹೊರಲೂ ಆಗುತ್ತಿರಲಿಲ್ಲ. ಗದ್ದೆಯಲ್ಲಿ ಸಸಿ ನೆಡುವ ನೆಟ್ಟಿಯ ಕೂಲಿ ತಪ್ಪುತ್ತಿತ್ತು.

"ನೀವೂ ಸರ ತೆಗಿ ಅಂದ್ರೆ ಈಗ್ಲೇ ಹೋಗ್ತೆ, ಬಾಯೋರೆ. ಗಂಡ ಬದ್ಕಿದ್ದಾಗೆ ಕುತ್ತಿಗೆ ಬೋಳು ಮಾಡೂಕಾಗ್ತದ್ಯ?"

ತೆಗೆಯಬೇಡ ಎಂದೆ. ಹೇಳಿದ ಮೇಲೆ, ಡಾಕ್ಟರ ಮಾತು ಮೀರಿದೆನಲ್ಲ ಎಂಬ ಚಿಂತೆ. ಇನ್ನು ಮಾಡುವುದೇನು? ಬೆಂಚು ಕಣ್ಣಿಗೆ ಬಿತ್ತು. ಬೋರಲು ಮಲಗಿಸಿ, ತಲೆಯನ್ನು ಬೆಂಚಿನಾಚೆ ಇಳಿಬಿಡಿಸಿದೆ. ಸರಗಳೆಲ್ಲ ಕಿವಿಯ ಕಡೆ ಜಾರಿ ಹಿಂಗುತ್ತಿಗೆ ತೆರೆಯಿತು. ಕೆಳಗೆ ಬೋರಿಕ್ ನೀರಿನ ಬೋಗುಣಿ ಇಟ್ಟೆ. ಹುಣ್ಣನ್ನು ತೊಳೆಯುತ್ತಿದ್ದಂತೆ ಮಣಿಗಳೂ ಅದರಲ್ಲಿ ಮಿಂದವು.

ಆಗಲೇ ಒಂದು ದಾರ ಹರಿಯಿತು. ಮಣಿಗಳು ಬೋಗುಣಿಯಲ್ಲಿ ಟಿಣಟಿಣ. ಮುತ್ತೈದೆಯ ಸರ ಹರಿದ ಪಾಪ ನನ್ನ ತಲೆಗೇ ಬಂತೆಂದು ನನ್ನ ಕೈ ನಡುಗಿತು.

ಅವಳು ತಲೆ ಎತ್ತದೆ ಕೇಳಿದಳು, "ಒಂದು ಹರದ್ರೆ ಎಂತಾತು? ಉಳದದ್ದು ಇಲ್ವ? ಗಂಡ ನಂದು, ನಡುಕ ನಿಮಗ್ಯಾಕೆ?"

ಮಣಿಗಳನ್ನು ಆರಿಸಿ ಅವಳ ಸೆರಗಿಗೆ ಕಟ್ಟಿದೆ. ಸರಗಳನ್ನು ಒರೆಸಿ, ಜಿಂಕ್ ಮುಲಾಮು ಹಚ್ಚಿ, ಅವುಗಳಡಿ ಮೆತ್ತನೆ ಬಟ್ಟೆ ಇಟ್ಟು ಕಳಿಸಿದೆ. ದಿನಾ ಬಂದಳು. ಅವಳು ಕಾಣುವವರೆಗೂ ನಾನು ಬಾಗಿಲಲ್ಲೇ. ಐದನೆಯ ದಿನ ಹುಣ್ಣು ಒಣಗಿ, ಕೆಳಗಿಂದ ಎಳೆ ಚರ್ಮ ಕಂಡಿತು. ಮರುದಿನವೇ ಹೊರೆ ಹೊತ್ತಳಂತೆ.

ಡಾಕ್ಟರು ಬಂದಾಗ ಅವಳೇ ಎದುರು ಹೋಗಿ, ಸರ ಸರಿಸಿ ಕುತ್ತಿಗೆ ತೋರಿಸಿದಳು. "ಕಾಣಿ, ಒಂದೂ ತೆಗೀಲಿಲ್ಲ."

ಡಾಕ್ಟರು ಬಗ್ಗಿ ನೋಡಿ, ಬೆರಳಲ್ಲಿ ಮುಟ್ಟಿ, ನನ್ನ ಕಡೆ ತಿರುಗಿದರು. "ಇಂಥದ್ದಕ್ಕೆ ಇನ್ನು ನನ್ನ ದಾರಿ ಕಾಯಬೇಡಿ, ನರ್ಸ್‌ಬಾಯಿ. ನೀವೇ ನೋಡಿ."

ಮರುವಾರ ಬೊಬ್ರುವಾಡದಿಂದ ಕೊರಳ ತುಂಬ ಸರ ತೊಟ್ಟ ನಾಲ್ವರು ಹೆಂಗಸರು ಬಂದರು. ಮೊದಲನೆಯವಳು ಏನೂ ಕೇಳದೆ ಬೆಂಚಿನ ಮೇಲೆ ಬೋರಲು ಮಲಗಿದಳು.