ತೊಳೆಯದ ಪಂಪು

ಲಗಮಕ್ಕಾ, ಔಷಧ ಹೊಡೆಯುವ ಆ ಪಂಪನ್ನು ನಾನು ತೊಳೆದಿರಲಿಲ್ಲ. ನಮ್ಮ ಬಟಾಟೆ ಹೊಲ ಹಾಳಾದದ್ದು ನನ್ನಿಂದ, ನಿನ್ನಿಂದಲ್ಲ. ಹದಿಮೂರು ವರ್ಷ ಈ ಮಾತನ್ನು ನುಂಗಿಕೊಂಡೇ ಇದ್ದೆ — ಈಗ ಬರೆಯುವಾಗಲೂ ಅತ್ತೆ ಬಂದರೇನೋ ಎಂದು ಎರಡು ಸಲ ಬಾಗಿಲ ಕಡೆ ನೋಡಿದೆ. ನಿನಗೆ ಓದಲು ಬರುವುದಿಲ್ಲ, ಗೊತ್ತು. ಎದುರು ನಿಂತಾಗ ನನ್ನ ಬಾಯಿ ಕಟ್ಟಿಹೋದರೆ ಎಂಬ ಭಯಕ್ಕೆ ಬರೆಯುತ್ತಿದ್ದೇನೆ. ನಾನೇ ಓದಿ ಹೇಳುತ್ತೇನೆ.

ಮಮದಾಪುರಕ್ಕೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮವರು ಕಬ್ಬಿಗೆ ಕಸ ಸಾಯಿಸುವ ಎಣ್ಣೆ ಹೊಡೆದು ಬಂದಿದ್ದರು. ಅದು ಕಬ್ಬಿಗೆ ಏನೂ ಮಾಡುವುದಿಲ್ಲ, ಅಗಲ ಎಲೆಯ ಗಿಡವನ್ನು ಮಾತ್ರ ಬಿಡುವುದಿಲ್ಲ. "ಸೋಪ್ ಹಾಕಿ ಮೂರು ಸಲ ತೊಳಿ. ನಾಳೆ ಅದರಾಗ ಬಟಾಟಿಗೆ ರೋಗದ ಔಷಧ ಹೊಡಿಬೇಕು," ಎಂದು ಹೇಳಿಯೇ ಹೋದರು. ಬಾವಿಯಿಂದ ನೀರು ಸೇದಬೇಕಿತ್ತು. ನನಗೆ ಬೇಸರ ಬಂತು, ಅಷ್ಟೇ. ತಳದಲ್ಲಿ ಉಳಿದದ್ದನ್ನು ಬದುವಿಗೆ ಚೆಲ್ಲಿ ಪಂಪನ್ನು ಗೋಡೆಗೆ ಒರಗಿಸಿಟ್ಟೆ.

ಔಷಧ ಹೊಡೆದ ನಾಲ್ಕನೇ ದಿನ ನೀವು ಕೂಲಿ ಹೆಂಗಸರು ಕಸ ತೆಗೆಯಲು ಬಂದಿರಿ. ನಿನ್ನ ಬಾಜೂ ಸಾಲಿನಲ್ಲಿ ನಾನಿದ್ದೆ. ಮೊದಲು ನೋಡಿದ್ದು ನೀನೇ. "ತಂಗೀ, ಎಲಿ ಯಾಕ ಹಿಂಗ ಮುದುಡ್ಯಾವ?" ಎಂದೆ. ನನಗೆ ಪಂಪು ನೆನಪಾಯಿತು. ದಂಟುಗಳು ತಿರುಚಿಕೊಂಡಿದ್ದವು. ಬಟಾಟೆಯ ನೀರು, ಗೊಬ್ಬರ ಕಸದ ಪಾಲಾಗಬಾರದೆಂದು ನೀವು ಬೆನ್ನು ಮುರಿಯುವಂತೆ ಕಸ ಕಿತ್ತಿರಿ. ವಾರದೊಳಗೆ ಬಟಾಟೆ ನೆಲಕ್ಕೆ ಬಿತ್ತು, ಜೇಕಿನ ಹುಲ್ಲು ಮಾತ್ರ ಹಸಿರಾಗಿ ಮೇಲೆದ್ದಿತು.

ನಮ್ಮವರು ಒಂದು ಗಿಡ ಕಿತ್ತುಕೊಂಡು ಸಂಕೇಶ್ವರದ ಔಷಧದ ಅಂಗಡಿಗೆ ಹೋದರು. ಬಂದವರು ಚಪ್ಪಲಿ ಸಹ ಬಿಡದೆ ಕೇಳಿದರು: "ಪಂಪಿನ್ಯಾಗ ಕಬ್ಬಿನ ಎಣ್ಣಿ ಉಳಿದಿತ್ತೇನು ಅಂತಾನ ಅಂವ. ತೊಳದಿದ್ದಿಲ್ಲೋ?"

"ಮೂರು ಸಲ ತೊಳದೇನ್ರಿ."

ಅಯ್ಯೋ, ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಖರೆ ಹೇಳಿದರೆ ತವರಿಗೆ ಅಟ್ಟುತ್ತಾರೆಂದು ಹೆದರಿದ್ದೆ. ಆಮೇಲೆ ಯಾರಾದರೂ ಪಂಪು ಎಂದರೆ ಸಾಕು — ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪಂಪಿನದಲ್ಲವೆಂದ ಮೇಲೆ ಅತ್ತೆಗೆ ಬೇರೆ ಯಾರದಾದರೂ ತಪ್ಪು ಬೇಕಾಯಿತು. ಎಲ್ಲ ಹೆಂಗಸರ ಎದುರು ನಿನ್ನನ್ನು ಅಂಗಳದಲ್ಲಿ ನಿಲ್ಲಿಸಿದರು. "ಮುಟ್ಟಾಗಿ ಹೊಲದಾಗ ಕಾಲಿಟ್ಟೀಯಲ್ಲ!" ಎಂದು ನಿನಗೆ ಹೇಳಿ ನನ್ನ ಕಡೆ ತಿರುಗಿದರು: "ಏ, ನೀ ಅಕಿ ಬಾಜೂ ಇದ್ದಿ. ಹೌದೋ ಅಲ್ಲೋ, ಹೇಳು."

"ಇಲ್ರೀ ಅವ್ವಾರ, ನನ್ನ ಮಕ್ಕಳ ಆಣಿ..." ಎನ್ನುತ್ತಿದ್ದೆ ನೀನು.

ನಾನು "ಹೌದ್ರಿ ಅತ್ತಿ" ಎಂದೆ.

ನೀನು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಕಡೆ ತಿರುಗಿ "ಯಾಕ ತಂಗೀ?" ಎಂದು ಕೇಳಿದೆ. ಅಷ್ಟೇ. ಆ ಹಂಗಾಮಿನಲ್ಲಿ ಊರಲ್ಲಿ ಯಾರೂ ನಿನ್ನನ್ನು ಕಸಕ್ಕೆ ಕರೆಯಲಿಲ್ಲ, ಮುಂದಿನದರಲ್ಲೂ ಇಲ್ಲ. ಜೊತೆಯ ಹೆಂಗಸರೇ ನಿನ್ನನ್ನು ಬಿಟ್ಟು ಹೋಗತೊಡಗಿದರು. ಕೊನೆಗೆ ನೀನು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟು ಘೋಡಗೇರಿಗೆ ಹೋದೆ. ನಾನು ಬಸ್ಸಿನ ತನಕ ಬಂದು ತಡೆಯಬಹುದಿತ್ತು — ಬರಲಿಲ್ಲ. ನೀನು ಹೋದೆ ಎಂದು ಕೇಳಿದಾಗ ನನಗೆ ಹಗುರವಾಯಿತು, ಲಗಮಕ್ಕಾ. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಮಗಳಿಗೆ ಈಗ ಹನ್ನೆರಡು. ಹೋದ ತಿಂಗಳು ದೊಡ್ಡವಳಾದಳು. ನಿನ್ನೆ ಬಟಾಟೆಯಲ್ಲಿ ಕಸ ತೆಗೆಯುತ್ತಿದ್ದೆ, ನೀರು ತಂದವಳು ಬದುವಿನ ಮೇಲೇ ನಿಂತಳು. ಒಳಗೆ ಬಾ ಎಂದರೆ ಬರಲೊಲ್ಲಳು.

"ನಾ ಬರಂಗಿಲ್ಲವ್ವಾ. ಲಗಮವ್ವ ಮುಟ್ಟಾಗಿ ಕಾಲಿಟ್ಟು ಹೊಲಾ ಹಾಳಾಗಿತ್ತಂತಲ್ಲ, ಅಜ್ಜಿ ಹೇಳ್ಯಾಳ. ನನ್ನಿಂದನೂ ಹಂಗಾದ್ರ?"

ತನ್ನ ಕಾಲನ್ನು ತಾನೇ ನೋಡಿ ಹೆದರುತ್ತಿತ್ತು ಆ ಕೂಸು. ನನ್ನ ಒಂದು "ಹೌದ್ರಿ" ನನ್ನ ಮನೆಯಲ್ಲೇ ಬೇರು ಬಿಟ್ಟು ಕೂತಿದೆ, ನಾನು ನೋಡಿಯೂ ನೋಡದಂತೆ ಇದ್ದೆ.

ಇವತ್ತು ಊಟಕ್ಕೆ ಕೂತಾಗ ಅತ್ತೆಗೂ ನಮ್ಮವರಿಗೂ ಹೇಳುತ್ತೇನೆ. ಏನಾಗುತ್ತದೋ ಆಗಲಿ. ರವಿವಾರ ಘೋಡಗೇರಿಗೆ ಬರುತ್ತೇನೆ. ಬಾಗಿಲು ತೆರೆಯುವುದು, ಹಾಕಿಕೊಳ್ಳುವುದು ನಿನಗೆ ಬಿಟ್ಟದ್ದು. ಮಗಳನ್ನು ಕರೆತರುತ್ತೇನೆ. "ಯಾಕ ತಂಗೀ?" ಎಂದು ಅವಳ ಎದುರಿಗೇ ಮತ್ತೆ ಕೇಳು.