ನೋಡಲು ಬಂದ ಕಂಪನಿ

ನಮ್ಮ ಓಣಿಯಲ್ಲಿ ಯಾರ ಮನೆಗಾದರೂ ಹೆಣ್ಣು ನೋಡಲು ಬರುತ್ತಾರೆಂದರೆ ಬೆಳಿಗ್ಗೆಯಿಂದಲೇ ಸಾಮಾನು ಸಾಗಣೆ ಶುರುವಾಗುತ್ತಿತ್ತು. ಒಂದು ಮನೆಯ ಗೋಡೆ ಗಡಿಯಾರ, ಇನ್ನೊಂದು ಮನೆಯ ಮಂಚ, ಮತ್ತೊಬ್ಬರ ತಾಮ್ರದ ಹಂಡೆ, ಎಲ್ಲವೂ ಆ ಒಂದು ದಿನದ ಮಟ್ಟಿಗೆ ಹೆಣ್ಣಿನ ಮನೆಯವರದು. ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂಬ ಭೇದ ಇದರಲ್ಲಿರಲಿಲ್ಲ. ಬಂದವರಿಗೂ ಇದೆಲ್ಲ ಗೊತ್ತಿರುತ್ತಿತ್ತು. ಅವರೂ ತಮ್ಮ ಊರಿನಲ್ಲಿ ಇದನ್ನೇ ಮಾಡಿದವರು. ಕಂಡದ್ದರಲ್ಲಿ ಅರ್ಧ ಕಳೆದು, ಉಳಿದದ್ದನ್ನು ನಂಬಿ, ಚಹಾ ಕುಡಿದು ಹೋಗುತ್ತಿದ್ದರು. ಹೀಗೆ ಯಾರಿಗೂ ಮೋಸವಾಗದೆ ಎಷ್ಟೋ ಮದುವೆಗಳು ಆಗಿಹೋದವು.

ಈ ಪದ್ಧತಿಯನ್ನು ಶೇರು ಮಾರುಕಟ್ಟೆಯ ಕಂಪನಿಯೊಂದರ ಮೇಲೆ ಪ್ರಯೋಗಿಸಿದವಳು ಮಾತ್ರ ನಮ್ಮ ಅಮ್ಮಿ ಒಬ್ಬಳೇ ಇರಬೇಕು.

ನಮ್ಮದು ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನಲ್ಲಿ ಸನಮಡಿಗೆ ಹತ್ತಿರದ ಒಂದು ಸಣ್ಣ ಊರು. ಅಬ್ಬಾ ಹತ್ತಿ ಹಿಂಜಿ ಗಾದಿ ಮಾಡುವವರು, ಅಮ್ಮಿ ಹಳೆ ಬಟ್ಟೆ ಸೇರಿಸಿ ಕೌದಿ ಹೊಲಿಯುವವಳು. ನಮ್ಮ ಕಡೆ ಗಾಳಿ ವಿಪರೀತ. ಅಂಗಳದಲ್ಲಿ ಹಿಂಜಿದ ಹತ್ತಿಯೆಲ್ಲ ಹಾರಿಹೋಗಿ ಅಬ್ಬಾ ಗಾಳಿಯನ್ನು ಬೈಯದ ದಿನವಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ದಿಬ್ಬದ ಮೇಲೆ ಗಾಳಿಗೆ ತಿರುಗುವ ಪವನಚಕ್ಕಿಗಳು ಎದ್ದು ನಿಂತವು. ಅಷ್ಟು ವರ್ಷ ತಾವು ಬೈದ ಗಾಳಿಯಿಂದ ಯಾರೋ ಕರೆಂಟು ಮಾಡಿ ಮಾರುತ್ತಾರೆಂದು ತಿಳಿದಾಗ ಅಬ್ಬಾಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು.

ಆದರೆ ಆ ಪವನಚಕ್ಕಿ ಕಂಪನಿ ನನಗೊಂದು ಉಪಕಾರ ಮಾಡಿತು. ಸುತ್ತಲಿನ ಹುಡುಗಿಯರನ್ನು ಜತ್ತದ ಕಾಲೇಜಿಗೆ ಕರೆದೊಯ್ಯಲು ಒಂದು ಜೀಪು ಬಿಟ್ಟಿತು. ಅದು ಮನೆ ಬಾಗಿಲಿಗೇ ಬರುತ್ತಿತ್ತು, ಮನೆ ಬಾಗಿಲಿಗೇ ಬಿಡುತ್ತಿತ್ತು. ಜೀಪು ಇದೆಯೆಂದೇ ಅಬ್ಬಾ ನನ್ನನ್ನು ಹನ್ನೊಂದನೆಯ ತರಗತಿಗೆ ಹಚ್ಚಲು ಒಪ್ಪಿದ್ದು. ಇಲ್ಲದಿದ್ದರೆ ಹೊಲಗಳ ನಡುವೆ ಫಾಟಾದವರೆಗೆ, ಅಂದರೆ ಡಾಂಬರು ರಸ್ತೆ ಸಿಗುವ ತಿರುವಿನವರೆಗೆ ನಡೆದು, ಅಲ್ಲಿ ಸರ್ಕಾರಿ ಎಸ್‌ಟಿ ಬಸ್ಸು ಹಿಡಿಯಬೇಕು. ಬೆಳೆದ ಹುಡುಗಿ ಹಾಗೆ ಹೋದರೆ ಮಂದಿ ಏನಂದಾರು ಎಂಬುದು ಅಬ್ಬಾನ ಚಿಂತೆ. ಆ ಮಂದಿ ಯಾರೆಂದು ನಾನು ಎಷ್ಟೋ ಸಲ ಕೇಳಿದ್ದೇನೆ, ಅವರು ಹೇಳಿಲ್ಲ.

ಒಂದು ದಿನ ಕಂಪನಿಯ ಜತ್ತ ಆಫೀಸಿನ ಸಾಹೇಬರು ಮನೆಗೆ ಬಂದರು. ಸೊಲ್ಲಾಪುರ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು.

"ವರ್ಷಾ ಒಂದು ಪುಸ್ತಕ ಛಾಪಿಸ್ತೀವ್ರಿ," ಎಂದರು. "ಶೇರು ತಗೊಂಡ ಮಂದಿ ಈಗ ಬರೇ ಫಾಯದಾ ಎಷ್ಟಂತ ಕೇಳೂದಿಲ್ಲ. ಗಿಡ ಎಷ್ಟ ಹಚ್ಚೀರಿ, ಹೊಗಿ ಎಷ್ಟ ಕಡಿಮಿ ಮಾಡೀರಿ, ಊರ ಮಂದಿಗಿ ಏನ್ ಚಲೋ ಆತು, ಎಲ್ಲಾ ಕೇಳ್ತಾರ. ಅದನ್ನ ಬರೀಲಾಕ ಮುಂಬೈದಿಂದ ಬರ್ತಾರ. ನಿಮ್ಮ ಮನಿ ತೋರಸ್ತೀನಿ."

ಸಾಹೇಬರು ಹೊರಬಿದ್ದದ್ದೇ ತಡ, ಅಮ್ಮಿ ಸೆರಗು ಬಿಗಿದಳು. "ನೋಡ್ಲಾಕ ಬರ್ತಾರಂದ್ರ ಮನಿ ಹಿಂಗ ಇಟಗೊಂಡು ಕುಂದರ್ಲಾಕ ಆಗ್ತದೇನು? ಏನೂ ಇಲ್ಲದವರ ಸಂಗಾಟ ಯಾರರ ಸಂಬಂಧ ಬೆಳಸ್ತಾರೇನು?"

ಕಂಪನಿಯವರು ಬಡತನವನ್ನೇ ಹುಡುಕಿಕೊಂಡು ಬರಬಹುದೆಂಬ ವಿಚಾರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಮಾಸ್ತರರ ಮನೆಯ ಗಡಿಯಾರ ಬಂತು. ಮಸೀದಿಯ ಕುರ್ಚಿಗಳು ಬಂದವು. ಪಕ್ಕದ ಮನೆಯಾಕೆ, ನಾವು ಕಾಕು ಎಂದು ಕರೆಯುವವರು, ತಮ್ಮ ಎಮ್ಮೆಯನ್ನೇ ತಂದು ನಮ್ಮ ಅಂಗಳದಲ್ಲಿ ಕಟ್ಟಿದರು. ಎಮ್ಮೆಗೆ ಮಾತ್ರ ಈ ಏರ್ಪಾಡು ಒಪ್ಪಿಗೆಯಾಗಲಿಲ್ಲ. ಗೋಡೆಯಾಚೆಯ ತನ್ನ ಮನೆಯ ಕಡೆ ಮುಖ ಮಾಡಿ ಒದರುತ್ತಲೇ ಇತ್ತು.

ಮುಂಬೈಯಿಂದ ಬಂದ ಮೇಡಂ ಚಿಕ್ಕ ವಯಸ್ಸಿನವರು, ಜೊತೆಗೆ ಒಬ್ಬ ಫೋಟೋಗ್ರಾಫರ್. ಅವರ ಹಿಂದಿಗೂ ಅಮ್ಮಿಯ ದಖನಿ ಉರ್ದುವಿಗೂ ಹೇಗೋ ಹೊಂದಾಣಿಕೆಯಾಯಿತು. ಪವನಚಕ್ಕಿ ಬರುವ ಮೊದಲು ಈ ಎಮ್ಮೆ ಇತ್ತೇ ಎಂದು ಮೇಡಂ ಕೇಳಿದರು. ಇರಲಿಲ್ಲ ಎಂದಳು ಅಮ್ಮಿ. ಗಡಿಯಾರ? ಇರಲಿಲ್ಲ. ಕುರ್ಚಿ? ಅವೂ ಇರಲಿಲ್ಲ. ಅಮ್ಮಿ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಮೇಡಂ ಖುಷಿಯಿಂದ ಎಲ್ಲವನ್ನೂ ಬರೆದುಕೊಂಡರು.

ಹಾಲು ಕರೆಯುವ ಫೋಟೋ ಬೇಕೆಂದಾಗ ಪೇಚಿಗಿಟ್ಟುಕೊಂಡಿತು. ಗುರುತಿಲ್ಲದವರು ಕೈಹಚ್ಚಿದರೆ ಆ ಎಮ್ಮೆ ಝಾಡಿಸಿ ಒದೆಯುತ್ತಿತ್ತು. ಕಾಕು ತಾವೇ ಓಡಿ ಬಂದು ಚೊಂಬು ಹಿಡಿದು ಕುಳಿತರು. ಆಮೇಲೆ ನನ್ನನ್ನು ಪುಸ್ತಕ ಎದೆಗವುಚಿಕೊಂಡು ಜೀಪಿನ ಪಕ್ಕದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದರು. ಹೋಗುವಾಗ ಮೇಡಂ ಅಮ್ಮಿಯ ಕೈ ಹಿಡಿದುಕೊಂಡರು. ಸಂಬಂಧ ಗಟ್ಟಿಯಾಯಿತೆಂದೇ ಅಮ್ಮಿಗೆ ಅನ್ನಿಸಿತು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಸಾಹೇಬರು ಆ ಪುಸ್ತಕದ ಒಂದು ಪ್ರತಿ ಕಳಿಸಿಕೊಟ್ಟರು. ನುಣುಪಾದ ದಪ್ಪ ಕಾಗದ, ಎಲ್ಲ ಇಂಗ್ಲಿಷು. ಓಣಿಯ ಹೆಂಗಸರೆಲ್ಲ ಸೇರಿದರು, ನಾನು ನಡುವೆ ಕುಳಿತು ತಿಳಿದಷ್ಟು ಕನ್ನಡಕ್ಕೆ ತಂದು ಹೇಳಿದೆ. ಎಮ್ಮೆಯ ಕೆಳಗೆ ಕಾಕು ನಗುತ್ತಿದ್ದರು. ಅದರ ಅಡಿಯಲ್ಲಿ, ಕೌದಿ ಹೊಲಿಯುವ ಈ ಮಹಿಳೆ ಈಗ ಹೈನುಗಾರಿಕೆಯಿಂದಲೂ ಗಳಿಸುತ್ತಾರೆ ಎಂದಿತ್ತು. ತಮಗೆ ಕೌದಿ ಹೊಲಿಯಲು ಯಾವಾಗ ಬಂತೆಂದು ಕಾಕು ಕೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಫೋಟೋದ ಕೆಳಗೆ, ಇವರ ಮಗಳು ಕಾಲೇಜಿಗೆ ಹೋಗುತ್ತಾಳೆ ಎಂದಿತ್ತು. ಕೊನೆಯ ಸಾಲನ್ನು ನಗುವಿನ ಗದ್ದಲದಲ್ಲೇ ಓದಿಬಿಟ್ಟೆ: ಈ ಗ್ರಾಮ ಈಗ ತನ್ನ ಕಾಲ ಮೇಲೆ ನಿಂತಿದೆ, ಇಲ್ಲಿಯ ನೆರವನ್ನು ಹೆಚ್ಚು ಅಗತ್ಯವಿರುವ ಊರುಗಳಿಗೆ ಒಯ್ಯಲಾಗುವುದು.

ಆ ಸಾಲಿನ ಅರ್ಥ ನಮಗೆ ಗೊತ್ತಾದದ್ದು ಕಾಲೇಜು ಶುರುವಾದ ದಿನ. ನಾನು ತಯಾರಾಗಿ ಹೊಸ್ತಿಲಲ್ಲಿ ನಿಂತೇ ಇದ್ದೆ, ಜೀಪು ಬರಲಿಲ್ಲ. ಅದು ಬೇರೆ ಊರಿಗೆ ಹೋಗುತ್ತಿದೆ ಎಂದು ಸುದ್ದಿ ಬಂತು.

"ಹನ್ನೊಂದನೇದರ ಆತಲ್ಲ, ಸಾಕು ಬಿಡು," ಎಂದರು ಅಬ್ಬಾ, ನನ್ನ ಮುಖ ನೋಡದೆ. ನಾನು ಒಳಗೆ ಹೋಗಿ ಗಾದಿಗಳ ಹಿಂದೆ ಕುಳಿತು ಅತ್ತೆ. ಹನ್ನೆರಡನೆಯದನ್ನು ಮುಗಿಸದಿದ್ದರೆ ಮುಂದೆ ನನಗೂ ಅದೇ ಗಡಿಯಾರ, ಅದೇ ಕುರ್ಚಿಗಳು ಬರುತ್ತವೆ, ಯಾರೋ ಚಹಾ ಕುಡಿದು ನೋಡಿ ಹೋಗುತ್ತಾರೆ ಎಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಹಳ ಭಯವಾಯಿತು.

ಮರುದಿನ ಅಮ್ಮಿ ಬುರ್ಖಾ ತೊಟ್ಟು ಜತ್ತಕ್ಕೆ ಹೊರಟಳು. ಕಾಕುವನ್ನು ಕರೆದುಕೊಂಡಳು, ನನ್ನನ್ನು ಕರೆದುಕೊಂಡಳು. ಹೆಂಗಸರೇ ಹೋದರೆ ಚೆನ್ನಾಗಿರುವುದಿಲ್ಲವೆಂದು ಅಬ್ಬಾ ಗೊಣಗುತ್ತ ಹಿಂದೆ ಬಂದರು.

ಸಾಹೇಬರ ಆಫೀಸಿನಲ್ಲಿ ಇನ್ನೂ ಕೆಲವರು ಕುಳಿತಿದ್ದರು. "ಬರ್ರಿ, ಕುಂದ್ರಿ," ಎಂದರು ಸಾಹೇಬರು. ಅಮ್ಮಿ ಕೂಡಲಿಲ್ಲ.

"ಸಾಹೇಬ್ರ, ಆ ಎಮ್ಮಿ ನಮ್ಮದಲ್ರಿ, ಈಕಿದು. ಫೋಟೋದಾಗ ಇದ್ದಾಕಿನೂ ನಾ ಅಲ್ಲ, ಈಕಿನೇ. ಗಡಿಯಾರ ಮಾಸ್ತರ ಮನೀದು. ಕುರ್ಚಿ ಮಸೂತಿದು. ನಮ್ಮ ಮನ್ಯಾಗ ಏನೂ ಇಲ್ಲ. ಆ ಪುಸ್ತಕದಾಗ ಖರೇ ನಮ್ಮದು ಅಂತ ಇರೂದು ಈ ಹುಡುಗಿ ಒಬ್ಬಾಕಿನೇ."

ಮನೆಯಲ್ಲಿ ಸಕ್ಕರೆ ಇಲ್ಲದ ದಿನ, ನಮಗೆ ಸಿಹಿ ಸೇರುವುದಿಲ್ಲ ಎಂದು ಬಂದವರಿಗೆ ಹೇಳುತ್ತಿದ್ದ ನನ್ನ ಅಮ್ಮಿ ಇದನ್ನೆಲ್ಲ ಅಪರಿಚಿತ ಗಂಡಸರ ಮುಂದೆ ಹೇಳಿದಳು. ಅಬ್ಬಾ ತಮ್ಮ ಚಪ್ಪಲಿಗಳನ್ನೇ ನೋಡುತ್ತ ನಿಂತಿದ್ದರು.

ಸಾಹೇಬರಿಗೆ ಮೊದಲು ನಗು ಬಂತು, ಆಮೇಲೆ ನಿಂತುಹೋಯಿತು. "ಛಾಪಾ ಆಗಿ ಹೋಗೇದ್ರಿ ಅಮ್ಮಾರ. ದೇಶದ ತುಂಬ ಶೇರಿನವರ ಮನಿ ಮುಟ್ಟೇದ. ನೀವು ಸುಧಾರಿಸೀರಿ ಅಂತ ಬರದ ಮ್ಯಾಲ, ಇಲ್ಲಾ ಮತ್ತ ಬಡವ್ರ ಅದಾರ ಅಂತ ಹೆಂಗ ಬರೀಲಿ?"

"ಹುಡುಗಿ ಕಾಲೇಜಿಗಿ ಹೋಗ್ತಾಳಂತನೂ ಬರದೀರಲ್ಲ," ಎಂದಳು ಅಮ್ಮಿ. "ಅದೊಂದರ ಖರೇ ಮಾಡ್ರಿ."

ಸಾಹೇಬರು ಒಳ್ಳೆಯವರು. ಮೇಲಿನವರಿಗೆ ತಿಳಿಸುತ್ತೇನೆ ಎಂದರು, ಚಹಾ ತರಿಸಿದರು. ಜೀಪು ತರಿಸುವುದು ಅವರ ಕೈಯಲ್ಲಿರಲಿಲ್ಲ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾವು ನಾಲ್ವರೂ ಸಾಲಾಗಿ ಕುಳಿತೆವು. ಅಬ್ಬಾ ಅಮ್ಮಿಯ ಕಡೆ ತಿರುಗಿದರು. "ಮನೀ ಮಾನಾನ ನಾಕ ಮಂದಿ ಮುಂದ ಚೆಲ್ಲಿ ಬಂದಿ."

ಎದುರಿಗೆ ಬಸ್ಸೊಂದು ಬಂತು, ಕಾಲೇಜಿನ ಹುಡುಗಿಯರು ಇಳಿದು ಹೋದರು. ಅಬ್ಬಾ ಅವರನ್ನೇ ನೋಡುತ್ತಿದ್ದರು.

"ಇನ್ನ ಮಂದಿ ಅನ್ಲಾಕ ಏನ್ ಉಳದದ?" ಎಂದರು. "ನಾಳಿಂದ ಫಾಟಾತನಾ ನಾನೇ ಬಿಟ್ಟು ಬರ್ತೀನಿ."

ಹಾಗೇ ಆಯಿತು. ಮಳೆಯಿರಲಿ ಚಳಿಯಿರಲಿ, ಬೆಳಿಗ್ಗೆ ಅಬ್ಬಾ ಮುಂದೆ, ನಾನು ಹಿಂದೆ. ನಾನು ಬಸ್ಸು ಹತ್ತಿದ ಮೇಲೆ ಅವರು ತಿರುಗಿ ನಡೆಯುತ್ತಿದ್ದರು. ಹನ್ನೆರಡನೆಯದು ಮುಗಿಯಿತು, ನಾನು ಪಾಸಾದೆ.

ಆ ವರ್ಷದ ಪುಸ್ತಕವನ್ನೂ ಸಾಹೇಬರು ಮರೆಯದೆ ಕಳಿಸಿದರು. ಈ ಸಲ ನಮ್ಮ ಫೋಟೋ ಇರಲಿಲ್ಲ. ಪರಿಸರದ ಪುಟದಲ್ಲಿ ಮಾತ್ರ ನಮ್ಮೂರಿನ ಬಗ್ಗೆ ಒಂದು ಮಾತಿತ್ತು. ವಿದ್ಯಾರ್ಥಿನಿಯರು ಈಗ ನಡೆದು ಹೋಗಿ ಸಾರ್ವಜನಿಕ ಬಸ್ಸು ಬಳಸುತ್ತಿರುವುದರಿಂದ ಕಂಪನಿ ಇಷ್ಟು ಡೀಸೆಲ್ ಉಳಿಸಿದೆ, ಇಷ್ಟು ಹೊಗೆ ತಗ್ಗಿಸಿದೆ ಎಂದು ಲೆಕ್ಕ ಸಮೇತ ಬರೆದಿದ್ದರು.

ಅಮ್ಮಿಗೆ ಓದಿ ಹೇಳಿದೆ. ಅವಳು ಹೊಲಿಗೆ ನಿಲ್ಲಿಸಿದಳು. "ನಡದಾಕಿ ನೀ, ಪುಣ್ಯಾ ಅವರಿಗೇನು?" ಎಂದವಳೇ ಅಂಗಳದಲ್ಲಿ ಹತ್ತಿ ಹಿಂಜುತ್ತಿದ್ದ ಅಬ್ಬಾಗೆ ಕೂಗಿ ಹೇಳಿದಳು. "ಕೇಳಿದ್ರೇನ್ರಿ? ನೀವಿಬ್ಬರು ಫಾಟಾತನಾ ನಡದದ್ದು ಶೇರಿನವರ ಪುಸ್ತಕದಾಗ ಬಂದದ!"

ಅಬ್ಬಾ ಹತ್ತಿ ಹಿಂಜುವ ಬಿಲ್ಲು ಕೆಳಗಿಟ್ಟರು. ಕಂಪನಿಗೆ ಬೈಗುಳ ಬೀಳುತ್ತದೆಂದು ನಾನು ಕಾದೆ. ಅವರು ಮೀಸೆಗೆ ಅಂಟಿದ ಹತ್ತಿಯನ್ನು ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದಲೇ ಕೇಳಿದರು.

"ಹೋಗೂದಷ್ಟೇ ಬರದಾರೋ, ಏನ್ ಹೊಳ್ಳಿ ಬರೂಮುಂದ ನಾ ಒಬ್ಬಾಂವ ನಡೀತಿದ್ನಲ್ಲ, ಅದನ್ನೂ ಹಿಡದಾರೋ?"

ಬಸ್ಸಿನ ಕಿಟಕಿಯಿಂದ ನಾನು ದಿನಾ ನೋಡುತ್ತಿದ್ದದ್ದು ಅದನ್ನೇ. ಪುಸ್ತಕದಲ್ಲಿ ಅದು ಇರಲಿಲ್ಲ, ಇಲ್ಲ ಅಬ್ಬಾ ಎಂದೆ.