ಕಾಕಾ ಬಿಚ್ಚಿಕೊಟ್ಟ ಟಾಯರ್

ಕಳೆದ ವಾರ ಗೋಕಾಕದಲ್ಲಿ ಸ್ಕೂಟರಿನ ಟಾಯರ್ ಬದಲಿಸಲು ನಿಂತಿದ್ದೆ. ಅಂಗಡಿಯೊಳಗಿಂದ ಕಾದ ರಬ್ಬರಿನ ವಾಸನೆ ಬಂತು. ಹೊಸ ಟಾಯರಿಗೆ ಹೆಬ್ಬೆರಳಿನ ಉಗುರು ಒತ್ತಿ ನಿಂತಿದ್ದೇನೆ ಎಂಬುದು ನನಗೇ ಆಮೇಲೆ ಗೊತ್ತಾಯಿತು.

ಹಾಗೆ ಒತ್ತಿ ನೋಡಲು ಕಲಿಸಿದವರು ಟಾಯರ್ ಕಾಕಾ. ಐವತ್ತರ ದಶಕದ ಕೊನೆ, ಅಥವಾ ಅರವತ್ತರ ದಶಕದ ಆರಂಭ... ಗೋಕಾಕದ ಬಸ್ ನಿಲ್ದಾಣದ ಬಾಜೂ ಅವರ ಪಂಕ್ಚರ್ ಅಂಗಡಿ ಇತ್ತು. ಅದಕ್ಕೆ ನೀಲಿ ಬಾಗಿಲಿತ್ತು ಎಂದು ನನ್ನ ನೆನಪು. ಬಾಗಿಲೇ ಇರಲಿಲ್ಲ, ಗೋಣಿಚೀಲ ಇಳಿಬಿಟ್ಟಿದ್ದರು ಎಂದು ತಂಗಿ ಹೇಳುತ್ತಾಳೆ. ಅವಳೇ ಸರಿ ಇರಬಹುದು.

ನಾನಾಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದೇ ಥರದ ಮೋಟಾರ್‌ಸೈಕಲ್ ನನ್ನ ಹತ್ತಿರವೂ ಕಾಕಾ ಹತ್ತಿರವೂ ಇತ್ತು. ಕಾಕಾ ತಮ್ಮದರ ಮೇಲೆ ಮೂಡಲಗಿ, ಕೌಜಲಗಿ ಸುತ್ತಿ ರಿಪೇರಿಯ ಟಾಯರ್ ತರುತ್ತಿದ್ದರು. ನಾನು ವರ್ಷಕ್ಕೊಮ್ಮೆ, ಹುಕ್ಕೇರಿಯ ಹೊರಗೆ ಹೊಸದಾಗಿ ಡಾಂಬರು ಹಾಕಿದ ರಸ್ತೆಯಲ್ಲಿ, ಏಳೆಂಟು ಗೆಳೆಯರ ಜೊತೆ ಪಂದ್ಯ ಕಟ್ಟಿ ಓಡಿಸುತ್ತಿದ್ದೆ.

ಆ ವರ್ಷ ತೀರ ಮೆತ್ತನೆಯ ರಬ್ಬರಿನ ಟಾಯರ್ ಬೇಕೆಂದೆ. ತಿರುವಿನಲ್ಲಿ ಅದರ ಹಿಡಿತ ಹೆಚ್ಚೆಂದು ಎಲ್ಲೋ ಓದಿದ್ದೆ.

“ಪಂದ್ಯಾ ಒಂದ ದಿನಾ ರೀ ಸಾಹೇಬ್ರ. ಮರುದಿನಾ ಕಲ್ಲು-ಗರಸಿನ ದಾರ್ಯಾಗ ಮನಿಗೆ ಬರಬೇಕಲ್ಲ?” ಎಂದು ಕಾಕಾ ಒಂದೊಂದೇ ಟಾಯರಿಗೆ ಉಗುರು ಒತ್ತಿ ತೋರಿಸಿದರು. “ಗುರುತು ಬೀಳಲಿಲ್ಲಂದ್ರ ಅದು ಕಲ್ಲು, ಜಾರತೈತಿ. ಬಿದ್ದದ್ದು ಹಂಗ ಉಳೀತಂದ್ರ ತಿಂಗಳದಾಗ ಸವೀತೈತಿ. ಬಿದ್ದು, ನೋಡನೋಡತ ಮುಚ್ಚಬೇಕು. ಧಾರವಾಡದಾಗ ಇದನ್ನ ಕಲಿಸಲಿಲ್ಲೇನ್ರಿ?”

ಅಂಥ ಜೋಡಿ ಇದ್ದದ್ದು ಅವರ ಗಾಡಿಯಲ್ಲಿ ಮಾತ್ರ. ಬಿಚ್ಚಿ ನನಗೆ ಹಾಕಿದರು. ನನ್ನ ಸವೆದು ನುಣುಪಾದ ಟಾಯರ್ ತಾವು ಹಾಕಿಕೊಂಡರು. “ಮಳಿ ಹತ್ತೋದ್ರಾಗ ತಂದು ಕೊಡ್ರಿ” ಎಂದರು. ಇಲ್ಲ, “ಸಾವಕಾಶ ಕೊಡ್ರಿ, ಅವಸರಿಲ್ಲ” ಎಂದರೋ... ಎರಡೂ ಅವರ ದನಿಯಲ್ಲೇ ಕೇಳಿಸುತ್ತವೆ. ಎರಡನೆಯದು ನಾನು ಕಟ್ಟಿಕೊಂಡದ್ದಿರಬೇಕು.

ಪಂದ್ಯದಲ್ಲಿ ಎರಡನೆಯವನಾದೆ. ಯಾವ ತಿರುವಿನಲ್ಲೂ ಗಾಡಿ ಜಾರಲಿಲ್ಲ. ಪರೀಕ್ಷೆ ಇದ್ದುದರಿಂದ ಅಲ್ಲಿಂದಲೇ ಧಾರವಾಡಕ್ಕೆ ಹೋದೆ. ಕಾಕಾನ ಟಾಯರ್ ನನ್ನ ಗಾಡಿಯಲ್ಲೇ ಇರುವಾಗ ಮಳೆಗಾಲ ಹತ್ತಿತು.

ಎರಡು ತಿಂಗಳ ಮೇಲೆ ಟಾಯರ್ ಕೊಡಲು ಅಂಗಡಿಗೆ ಬಂದೆ. ಅಷ್ಟರೊಳಗೆ ಅರಭಾವಿ ಹತ್ತಿರ ಹಸಿ ರಸ್ತೆಯಲ್ಲಿ ಹಿಂದಿನ ಗಾಲಿ ಜಾರಿ ಕಾಕಾ ಬಿದ್ದಿದ್ದರು. ಬಲಗೈ ಮೂಳೆ ಕೂಡಿತ್ತು, ಬೆರಳುಗಳಿಗೆ ಬಲ ಬಂದಿರಲಿಲ್ಲ. ಬೈಯುತ್ತಾರೆಂದುಕೊಂಡಿದ್ದೆ. ಅವರು ನಾನು ತಂದ ಟಾಯರಿನ ಮಣ್ಣು ಒರೆಸಿ, ಹೆಬ್ಬೆರಳು ಇಟ್ಟು ಬಹಳ ಹೊತ್ತು ಒತ್ತಿದರು. ಗುರುತು ಬೀಳಲಿಲ್ಲ.

“ಟಾಯರ್ ಕಲ್ಲಾಗ್ಯಾವೋ, ನನ್ನ ಬೆರಳೋ... ನೀವ ಒತ್ತಿ ನೋಡ್ರಿ ಸಾಹೇಬ್ರ.”

ಒತ್ತಿದೆ. ಗುರುತು ಬಿತ್ತು, ಮುಚ್ಚಿಕೊಂಡಿತು.

“ಚಲೋ ಅದಾವ್ರಿ ಕಾಕಾ” ಎಂದೆ.

ಮರುವರ್ಷ ಅಂಗಡಿ ಇರಲಿಲ್ಲ. ಅವರು ತೀರಿಕೊಂಡ ಸುದ್ದಿ ಎಷ್ಟೋ ತಡವಾಗಿ ಸಿಕ್ಕಿತು. ಕೇಳಿದಾಗ ಏನೂ ಅನಿಸಲಿಲ್ಲ. ಅನಿಸಬೇಕಿತ್ತು ಎಂಬುದಷ್ಟೇ ಗೊತ್ತು.

ಕಳೆದ ವಾರ ಅಂಗಡಿಯವನು ಸವೆದು ನುಣುಪಾದ ನನ್ನ ಹಳೆಯ ಟಾಯರ್ ಎತ್ತಿ ಗೋಡೆಗೆ ಆನಿಸಿದ. “ಇಲ್ಲೇ ಬಿಡ್ರಿ. ಯಾರರ ಹಾಕ್ಕೊಂಡ ಹೋಗ್ತಾರ.”

“ಬ್ಯಾಡ್ರಿ” ಎಂದೆ. ಅದನ್ನು ಕಾಲಿನ ಹತ್ತಿರ ಇಟ್ಟುಕೊಂಡು ಮನೆಗೆ ತಂದೆ. ಅಂಗಳದಲ್ಲಿ ಬಿದ್ದಿದೆ.